ಶಸ್ತ್ರಚಿಕಿತ್ಸೆಗೆ ಮುನ್ನ ದಂಪತಿಗಳು ತಿಳಿಯತಕ್ಕ ವಿಷಯಗಳು

ಬಿತ್ತನೆಯ ಬೀಜವನ್ನು ಕೊಳ್ಳುವಾಗ ಅದು ಎಲ್ಲಿಂದ ಬಂದುದು, ಮೊಳೆಯುವುದೋ ಇಲ್ಲವೋ ಎಂದು ನೀವು ವಿಚಾರಿಸುತ್ತೀರಿ. ಹಾಗಿರುವಾಗ, ಮಕ್ಕಳು ಇನ್ನು ಸಾಕೆಂದು ಪತಿಪತ್ನಿಯರು ಕೂಡಿ ನಿರ್ಧರಿಸಿ ಸಂತಾನಶಕ್ತಿಹರಣ ಶಸ್ತ್ರಚಿಕಿತ್ಸೆಗೆ ಹೊರಟಾಗ, ಚಿಕಿತ್ಸೆ ಮಾಡುವ ವೈದ್ಯರ ಅರ್ಹತೆಯನ್ನು ವಿಚಾರಿಸದೆ ಇರುವುದು ವಿವೇಕವಲ್ಲ. ವಿಚಾರಿಸುವುದು ಅಗೌರವವೂ ಅಲ್ಲ. ಅದು ನಿಮ್ಮ ಹಕ್ಕು.

ಈ ಹಕ್ಕು ದೃಢವಾದ ಬಗೆ

2012ರ ಜನವರಿಯಲ್ಲಿ ಬಿಹಾರದ ಅರಾರಿಯಾ ಜಿಲ್ಲೆಯ ಶಾಲೆಯೊಂದರಲ್ಲಿ 53 ಮಹಿಳೆಯರಿಗೆ ಒಬ್ಬರೇ ವೈದ್ಯರು ಸುಮಾರು ಎರಡು ಗಂಟೆಗಳಲ್ಲಿ ಈ ಶಸ್ತ್ರಚಿಕಿತ್ಸೆ ಮಾಡಿದರು. 2014ರ ನವೆಂಬರಿನಲ್ಲಿ ಛತ್ತೀಸ್‌ಗಢದ ಬಿಲಾಸಪುರ ಜಿಲ್ಲೆಯ ಶಿಬಿರವೊಂದರಲ್ಲಿ ಒಂದೇ ದಿನ 83 ಮಹಿಳೆಯರಿಗೆ ಚಿಕಿತ್ಸೆ ನಡೆಯಿತು. ಹತ್ತಕ್ಕೂ ಹೆಚ್ಚು ತಾಯಂದಿರು ಅಸುನೀಗಿದರು. ದೇವಿಕಾ ಬಿಸ್ವಾಸ್ ಎಂಬುವರು ಹೂಡಿದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 2016ರ ಸೆಪ್ಟೆಂಬರ್ 14ರಂದು ತೀರ್ಪಿತ್ತು, ಇಂತಹ ಶಿಬಿರಗಳನ್ನು ಮೂರು ವರ್ಷಗಳೊಳಗೆ ನಿಲ್ಲಿಸಬೇಕೆಂದಿತು. ಅನುಮೋದಿತ ವೈದ್ಯರ ಪಟ್ಟಿಯು ವಿವರಗಳೊಡನೆ ಸಾರ್ವಜನಿಕರಿಗೆ ದೊರೆಯಬೇಕೆಂದೂ, ಸಾವು, ತೊಂದರೆ ಹಾಗೂ ಪರಿಹಾರದ ಲೆಕ್ಕವನ್ನು ಪ್ರಕಟಿಸಬೇಕೆಂದೂ ಆಜ್ಞಾಪಿಸಿತು.

ನೀವು ಮಾಡಬೇಕಾದುದೇನು?

1. ಚಿಕಿತ್ಸೆ ಮಾಡುವ ವೈದ್ಯರು ಅನುಮೋದಿತ ಪಟ್ಟಿಯಲ್ಲಿರುವರೇ ಎಂದು ಆಸ್ಪತ್ರೆಯಲ್ಲಿ ಕೇಳಿರಿ.

2. ವೈದ್ಯರ ನೋಂದಣಿ ಸಂಖ್ಯೆಯನ್ನು ನೋಡಿರಿ. 2002ರ ವೈದ್ಯಕೀಯ ನಡವಳಿಕೆಯ ನಿಯಮಗಳಂತೆ ಅದನ್ನು ಚಿಕಿತ್ಸಾಲಯದಲ್ಲಿಯೂ ಔಷಧ ಚೀಟಿ, ರಸೀದಿಗಳಲ್ಲಿಯೂ ಕಾಣಿಸತಕ್ಕದ್ದು. ಖಾಸಗಿ ಆಸ್ಪತ್ರೆಯಾದರೆ ನೋಂದಣಿ ಪತ್ರವನ್ನೂ ದರಪಟ್ಟಿಯನ್ನೂ ಗಮನಿಸಿರಿ.

3. ಒಪ್ಪಿಗೆ ಪತ್ರವನ್ನು ನಿಮಗೆ ತಿಳಿಯುವ ಭಾಷೆಯಲ್ಲಿ ವಿವರಿಸಿದ ಮೇಲೆಯೇ ಸಹಿ ಅಥವಾ ಹೆಬ್ಬೆಟ್ಟು ಹಾಕಿರಿ. ಈ ಚಿಕಿತ್ಸೆ ಶಾಶ್ವತವಾದುದು. ಮನಸ್ಸು ಬದಲಾದರೆ ಹಿಂದಿರುಗಲು ನಿಮಗೆ ಸ್ವಾತಂತ್ರ್ಯವುಂಟು.

4. ಎಲ್ಲ ಕಾಗದಪತ್ರಗಳನ್ನೂ ಜೋಪಾನವಾಗಿಡಿರಿ. ಚಿಕಿತ್ಸೆ ವಿಫಲವಾದರೆ ಅಥವಾ ತೊಡಕುಂಟಾದರೆ ಪರಿಹಾರಕ್ಕೆ ಅವೇ ಆಧಾರ. ಒಳರೋಗಿಯ ದಾಖಲೆಗಳನ್ನು ವೈದ್ಯರು ಮೂರು ವರ್ಷ ಕಾಯ್ದಿಡಬೇಕು. ಕೇಳಿದರೆ 72 ಗಂಟೆಗಳೊಳಗೆ ಕೊಡಬೇಕು.

ತಪ್ಪು ನಡೆದರೆ

ವೈದ್ಯರ ನಿರ್ಲಕ್ಷ್ಯದ ವಿರುದ್ಧ ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ ಲಿಖಿತ ದೂರು ನೀಡಬಹುದು. ಪರಿಷತ್ತು ಇಬ್ಬರ ಮಾತನ್ನೂ ಆಲಿಸುವುದು. ತಪ್ಪು ರುಜುವಾತಾಗಿ ವೈದ್ಯರ ಹೆಸರನ್ನು ನೋಂದಣಿಯಿಂದ ತೆಗೆದಲ್ಲಿ, ಅದನ್ನು ಪತ್ರಿಕೆಗಳಲ್ಲಿ ಪ್ರಚುರಪಡಿಸಬೇಕೆಂಬ ನಿಯಮವಿದೆ. ಸರ್ಕಾರಿ ಕಚೇರಿಗಳಲ್ಲಿರುವ ಪಟ್ಟಿ ಹಾಗೂ ಲೆಕ್ಕಗಳನ್ನು 2005ರ ಮಾಹಿತಿ ಹಕ್ಕು ಕಾಯಿದೆಯಂತೆ ಅರ್ಜಿ ಹಾಕಿ ಕೇಳಬಹುದು.

ಬಹುಪಾಲು ವೈದ್ಯರು ನಿಷ್ಠೆಯಿಂದ ಸೇವೆ ಸಲ್ಲಿಸುವವರು. ಅಂಥವರು ನಿಮ್ಮ ಪ್ರಶ್ನೆಗೆ ಬೇಸರಿಸರು. ಆದುದರಿಂದ ಅಂಜಿಕೆಯನ್ನು ಬಿಟ್ಟು, ಕೇಳಿ ತಿಳಿದು, ಬಳಿಕ ಒಪ್ಪಿಗೆ ನೀಡಿರಿ. ತಾಯಿಯ ಕ್ಷೇಮವೇ ಕುಟುಂಬದ ಕ್ಷೇಮ.