ಅಪ್ಪನ ಕಂಪ್ಯೂಟರ್‌ಗೆ ಜ್ವರ ಬಂದಿತ್ತು!

ಶನಿವಾರ ಬೆಳಿಗ್ಗೆ ತುಮಕೂರಿನ ಮನೆಗೆ ಹೋದಾಗ ಅಪ್ಪ ಬ್ಯಾಂಕ್ ಪಾಸ್‌ಬುಕ್ ಹಿಡಿದು ಕೂತಿದ್ದರು. ‘ತಂಗಿ ಫೀಸಿಗೆ ಅಂತ ಇಟ್ಟಿದ್ದ ಎಫ್‌ಡಿ ಮುರಿಸ್ಬೇಕು ಅನ್ಸುತ್ತಮ್ಮ’ ಅಂದರು.

ಕಾರಣ, ಅವರು ಡಿಟಿಪಿ ಮಾಡುವ ಡೆಸ್ಕ್‌ಟಾಪ್. ಮದುವೆ ಸೀಸನ್ ಬೇರೆ. ಲಗ್ನಪತ್ರಿಕೆ ಡಿಸೈನ್ ಮಾಡ್ತಾ ಮಾಡ್ತಾ ಅದು ಆಮೆಯ ಹಾಗೆ ತೆವಳಿ, ಕೊನೆಗೆ ತಾನೇ ಆಫ್ ಆಗಿಬಿಡುತ್ತಿತ್ತು. ರಿಪೇರಿಯವರು ಪೆಟ್ಟಿಗೆ ಬಿಚ್ಚಿಯೂ ನೋಡದೆ, ‘ಹಳೇದಾಯ್ತು ಸಾರ್, ಹೊಸದು ತಗೊಳ್ಳಿ, 40 ಸಾವಿರ ಆಗುತ್ತೆ’ ಅಂದಿದ್ದರಂತೆ.

ನಾನು ಐಟಿ ಕಂಪನಿಯಲ್ಲಿದ್ದೀನಿ. ಹಾಗಾಗಿ ಮನೆಯ ಕಂಪ್ಯೂಟರ್ ಡಾಕ್ಟರ್ ನಾನೇ. ಇರೋದು ಎಚ್‌ಆರ್ ವಿಭಾಗದಲ್ಲಿ ಅಂದ್ರೆ ಯಾರೂ ಕೇಳಲ್ಲ!

ಮೊದಲು ಎಡವಿದ್ದು ನಾನೇ. ಕಂಪ್ಯೂಟರ್ ಸ್ಥಿತಿ ತೋರಿಸುವ ಒಳ್ಳೆಯ ಟೂಲ್ ಯಾವುದು ಅಂತ ಹುಡುಕಿ, ಸಿಕ್ಕಿದ ನಾಲ್ಕನ್ನೂ ಹಾಕಿಬಿಟ್ಟೆ. ಸ್ಕ್ರೀನ್ ತುಂಬ ಅಂಕಿ, ಗ್ರಾಫು. ಒಂದಂತೂ ‘ನೂರಾರು ದೋಷಗಳಿವೆ, ದುಡ್ಡು ಕಟ್ಟಿದರೆ ಸರಿಪಡಿಸ್ತೀವಿ’ ಅಂತ ಹೆದರಿಸಿತು. ಮಷಿನ್ ಇನ್ನಷ್ಟು ನಿಧಾನವಾಯ್ತು. ‘ಇದೇನಮ್ಮ, ಜ್ವರ ನೋಡೋಕೆ ಬಂದ ಡಾಕ್ಟರೇ ರೋಗಿ ಎದೆ ಮೇಲೆ ಕೂತಂಗಾಯ್ತಲ್ಲ’ ಅಂತ ಅಪ್ಪ ನಕ್ಕರು.

ನಾಲ್ಕನ್ನೂ ತೆಗೆದುಹಾಕಿ, ಮೊದಲೇ ಕೇಳಬೇಕಿದ್ದ ಪ್ರಶ್ನೆ ಕೇಳಿದೆ: ‘ಯಾವಾಗ ಹೀಗಾಗುತ್ತೆ?’ ‘ಹದಿನೈದು ನಿಮಿಷ ಚೆನ್ನಾಗಿರುತ್ತೆ. ಆಮೇಲೆ ಶುರು’ ಅಂದರು. ಟೂಲ್ ಆರಿಸೋಕೆ ದಾರಿ ಸಿಕ್ಕಿದ್ದೇ ಆ ಉತ್ತರದಿಂದ.

ಯಾರು ತಿಂತಿದ್ದಾರೆ?
ಇದಕ್ಕೆ ವಿಂಡೋಸ್ ಜೊತೆಗೇ ಬರುವ ಟಾಸ್ಕ್ ಮ್ಯಾನೇಜರ್ ಸಾಕು. 1996ರ ವಿಂಡೋಸ್ ಎನ್‌ಟಿ 4.0 ಕಾಲದಿಂದಲೂ ಇದೆ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಸಿಪಿಯು ಅಥವಾ ಮೆಮೊರಿ ಕಾಲಂನ ತಲೆ ಮೇಲೆ ಕ್ಲಿಕ್ ಮಾಡಿದರೆ ಹೆಚ್ಚು ತಿನ್ನೋ ಪ್ರೋಗ್ರಾಂ ಮೇಲೆ ಬರುತ್ತೆ. ಅಪ್ಪನ ಮಷಿನ್‌ನಲ್ಲಿ ಮೆಮೊರಿ ಇನ್ನೂ ಅರ್ಧ ಖಾಲಿ ಇತ್ತು. ಅಂದ್ರೆ ತಿಂದು ತೇಗುವ ಕಳ್ಳ ಒಳಗಿರಲಿಲ್ಲ. ಆದರೆ ಪ್ರೊಸೆಸರ್‌ನ ಬಿಸಿ ಎಷ್ಟು ಅಂತ ಇದು ತೋರಿಸಲ್ಲ.

ಮೈ ಬಿಸಿ ಇದೆಯಾ?
ಇದಕ್ಕೆ ಎಚ್‌ಡಬ್ಲ್ಯೂಇನ್ಫೋ ಹಾಕಿದೆ. ಮನೆಬಳಕೆಗೆ ಉಚಿತ. ಶುರುವಾಗುವಾಗ ‘ಸೆನ್ಸರ್ಸ್ ಓನ್ಲಿ’ ಅಂತ ಆರಿಸಿಕೊಂಡರೆ ಬೇಕಾದ್ದಷ್ಟೇ ಬರುತ್ತೆ. ಇದರಲ್ಲಿ ನನಗೆ ಇಷ್ಟವಾಗಿದ್ದು ‘ಮ್ಯಾಕ್ಸಿಮಂ’ ಕಾಲಂ. ನೀವು ಎದುರು ಕೂತು ಕಾಯಬೇಕಿಲ್ಲ, ಏರಿದ ಗರಿಷ್ಠ ಬಿಸಿಯನ್ನು ಅದು ನೆನಪಿಟ್ಟಿರುತ್ತೆ. ಅಪ್ಪ ಎಂದಿನಂತೆ ಕೆಲಸ ಮಾಡಿದರು. ಇಪ್ಪತ್ತು ನಿಮಿಷ ಬಿಟ್ಟು ನೋಡಿದರೆ 99 ಡಿಗ್ರಿ! ಅಷ್ಟು ಕಾದಾಗ ಪ್ರೊಸೆಸರ್ ತನ್ನ ಜೀವ ಉಳಿಸಿಕೊಳ್ಳೋಕೆ ತಾನೇ ವೇಗ ತಗ್ಗಿಸುತ್ತೆ. ಆಗಲೂ ಆರದಿದ್ದರೆ ಕಂಪ್ಯೂಟರ್ ಆಫ್ ಆಗುತ್ತೆ.

ಡಿಸ್ಕ್ ಆರೋಗ್ಯವಾಗಿದೆಯಾ?
ಕ್ರಿಸ್ಟಲ್‌ಡಿಸ್ಕ್‌ಇನ್ಫೋ ನೋಡಿದೆ. ಡಿಸ್ಕ್ ತನ್ನ ಬಗ್ಗೆ ತಾನೇ ಬರೆದಿಟ್ಟುಕೊಳ್ಳುವ ಲೆಕ್ಕವನ್ನು ಇದು ಓದಿ ಹೇಳುತ್ತೆ. ‘ಗುಡ್’ ಅಂತ ಬಂತು. ನಿಮಗೇನಾದರೂ ‘ಕಾಷನ್’ ಅಂತ ಬಂದರೆ ಮೊದಲು ಫೋಟೊ, ಫೈಲುಗಳನ್ನು ಬೇರೆ ಕಡೆ ಕಾಪಿ ಮಾಡಿ. ಉಳಿದದ್ದು ಆಮೇಲೆ.

ಪ್ಲಗ್ ಕಿತ್ತು ಪೆಟ್ಟಿಗೆ ಬಿಚ್ಚಿದೆವು. ಫ್ಯಾನ್ ಕಾಣದಷ್ಟು ಧೂಳು. ಕಂಪ್ಯೂಟರ್ ಇದ್ದದ್ದು ದೇವರ ಗೂಡಿನ ಕೆಳಗೆ, ಹಾಗಾಗಿ ಊದುಬತ್ತಿಯ ಜಿಡ್ಡು ಬೇರೆ. ಬ್ರಶ್‌ನಲ್ಲಿ ಗುಡಿಸಿ, ಪಕ್ಕದ ಬೀದಿಯ ಹುಡುಗನ ಕೈಲಿ ಪ್ರೊಸೆಸರ್ ಮೇಲಿನ ಒಣಗಿದ ಪೇಸ್ಟ್ ಬದಲಾಯಿಸಿದೆವು. ಒಟ್ಟು ಖರ್ಚು 400 ರೂಪಾಯಿ. ಮರುದಿನ ಮ್ಯಾಕ್ಸಿಮಂ ಕಾಲಂನಲ್ಲಿ 74 ಇತ್ತು. ಸಂಜೆಯೊಳಗೆ ಎರಡು ಲಗ್ನಪತ್ರಿಕೆ ಪ್ರಿಂಟಿಗೆ ಹೋದವು.

ನಿಮ್ಮದು ಮ್ಯಾಕ್ ಆದರೆ ಅದರಲ್ಲೇ ಇರುವ ಆಕ್ಟಿವಿಟಿ ಮಾನಿಟರ್, ಲಿನಕ್ಸ್ ಆದರೆ ಎಚ್‌ಟಾಪ್‌ನಿಂದ ಶುರುಮಾಡಿ. ಯಾವುದೇ ಇರಲಿ, ಮೊದಲು ತೊಂದರೆ ಏನು, ಯಾವಾಗ ಅಂತ ಒಂದು ಸಾಲು ಬರೆದುಕೊಳ್ಳಿ. ಟೂಲನ್ನು ಅದರದೇ ಅಧಿಕೃತ ತಾಣದಿಂದ ತಗೊಳ್ಳಿ. ‘ನಾನೇ ರಿಪೇರಿ ಮಾಡ್ತೀನಿ, ದುಡ್ಡು ಕೊಡಿ’ ಅನ್ನೋದನ್ನು ನಂಬಬೇಡಿ.

ಎಫ್‌ಡಿ ಹಾಗೇ ಇದೆ, ಜೂನ್‌ನಲ್ಲಿ ತಂಗಿ ಕಾಲೇಜು. ಅಮ್ಮ ಮಾತ್ರ ಒಪ್ಪಿಲ್ಲ: ‘ದೇವರ ಊದುಬತ್ತಿಯಿಂದ ಯಾರಿಗಾದ್ರೂ ಕೆಟ್ಟದಾಗುತ್ತೇನೇ?’ ಆದರೂ ಕಂಪ್ಯೂಟರ್ ಮೇಜನ್ನು ಇನ್ನೊಂದು ಮೂಲೆಗೆ ಎಳೆಯುವಾಗ ಒಂದು ಕಡೆ ಹಿಡಿದವರು ಅವರೇ.