ಸೆಕೆಂಡ್ ಹ್ಯಾಂಡ್ ಬೈಕ್‌ನಲ್ಲಿ ಇಬ್ಬರ ದೂರ ಪ್ರಯಾಣ: ಮೀಟರ್ ಮತ್ತು ಸಿಸಿ ನೋಡಿದರೆ ಸಾಕೇ?

‘ಮೀಟರ್‌ನಲ್ಲಿ ಕಿಲೋಮೀಟರ್ ಕಡಿಮೆ ಇರಬೇಕು, ಸಿಸಿ ಜಾಸ್ತಿ ಇರಬೇಕು, ಸೀಟು ಮೆತ್ತಗಿರಬೇಕು, ಸಹಿ ಹಾಕಿದ ಪೇಪರ್ ಕೈಗೆ ಸಿಕ್ಕರೆ ಮುಗಿಯಿತು.’ ಹಳೆಯ ಬೈಕ್ ಕೊಳ್ಳುವವರಿಗೆ ವಾಟ್ಸಾಪ್ ಗುಂಪುಗಳಲ್ಲಿ ಸಿಗುವ ಸಲಹೆಗಳ ಸಾರ ಹೆಚ್ಚುಕಡಿಮೆ ಇಷ್ಟೇ. ಊರೊಳಗೆ ಒಬ್ಬರೇ ಓಡಾಡುವುದಾದರೆ ಇದರಿಂದ ದೊಡ್ಡ ತೊಂದರೆ ಆಗಲಿಕ್ಕಿಲ್ಲ. ಆದರೆ ಹೆಂಡತಿಯನ್ನೋ ಅಮ್ಮನನ್ನೋ ಗೆಳೆಯನನ್ನೋ ಹಿಂದೆ ಕೂರಿಸಿಕೊಂಡು, ಬೆಂಗಳೂರಿನಿಂದ ಮೂಡಿಗೆರೆ, ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿದು ಧರ್ಮಸ್ಥಳ ಸೇರಬೇಕು ಎಂದುಕೊಂಡರೆ ಲೆಕ್ಕ ಬೇರೆಯಾಗುತ್ತದೆ. ಈ ಸಲಹೆಗಳಲ್ಲಿ ಹಿಂದೆ ಕೂರುವವರ ಮಾತೇ ಇಲ್ಲ. ಒಂದೊಂದಾಗಿ ಪರಿಶೀಲಿಸೋಣ.

ಹೇಳಿಕೆ 1: ಕಡಿಮೆ ಓಡಿದ ಬೈಕ್ ಎಂದರೆ ಒಳ್ಳೆಯ ಬೈಕ್

ಅರ್ಧ ಸತ್ಯ. ಓಡದೆ ನಿಂತ ಬೈಕ್ ಕೂಡ ಹಾಳಾಗುತ್ತದೆ. ತಿಂಗಳುಗಟ್ಟಲೆ ನಿಂತರೆ ಬ್ಯಾಟರಿ ಸಾಯುತ್ತದೆ, ಟ್ಯಾಂಕ್ ಒಳಗೆ ತುಕ್ಕು ಹಿಡಿಯುತ್ತದೆ, ಕಾರ್ಬ್ಯುರೇಟರ್‌ನಲ್ಲಿ ಪೆಟ್ರೋಲ್ ಆರಿ ಅಂಟಾಗುತ್ತದೆ, ರಬ್ಬರ್ ಸೀಲ್‌ಗಳು ಒಣಗಿ ಬಿರುಕು ಬಿಡುತ್ತವೆ. ಎಂಟು ವರ್ಷದಲ್ಲಿ 9,000 ಕಿ.ಮೀ. ಓಡಿದ ಬೈಕ್‌ಗಿಂತ, ಸಮಯಕ್ಕೆ ಸರಿಯಾಗಿ ಸರ್ವೀಸ್ ಕಂಡು 40,000 ಕಿ.ಮೀ. ಓಡಿದ ಬೈಕ್ ದೂರದ ದಾರಿಗೆ ಹೆಚ್ಚು ನಂಬಿಕಸ್ಥ ಆಗಿರಬಹುದು.

ಮೀಟರ್ ಅನ್ನು ತಿದ್ದಲೂ ಸಾಧ್ಯ. ಡಿಜಿಟಲ್ ಮೀಟರ್ ಕೂಡ ಇದಕ್ಕೆ ಹೊರತಲ್ಲ. ಹಾಗಾಗಿ ಸರ್ವೀಸ್ ಬಿಲ್‌ಗಳಲ್ಲಿ ಬರೆದಿರುವ ಕಿಲೋಮೀಟರ್ ಜೊತೆ ಮೀಟರ್ ಅಂಕಿಯನ್ನು ತಾಳೆ ನೋಡಿ. ಬಿಲ್ ಇಲ್ಲದಿದ್ದರೆ ಬ್ರೇಕ್ ಪೆಡಲ್, ಗಿಯರ್ ಲಿವರ್, ಫುಟ್‌ರೆಸ್ಟ್‌ನ ರಬ್ಬರ್ ನೋಡಿ. 12,000 ಕಿ.ಮೀ. ಎಂದು ಮೀಟರ್ ತೋರಿಸುತ್ತಿದ್ದು, ರಬ್ಬರ್ ಮಾತ್ರ ಸವೆದು ನುಣ್ಣಗಾಗಿದ್ದರೆ ಅನುಮಾನಿಸಲೇಬೇಕು.

ಬೈಕ್ ನೋಡಲು ಹೋದಾಗ ಮೊದಲು ಎಂಜಿನ್ ಮುಟ್ಟಿ ನೋಡಿ. ನೀವು ಬರುವ ಮೊದಲೇ ಸ್ಟಾರ್ಟ್ ಮಾಡಿ ಬಿಸಿ ಮಾಡಿಟ್ಟಿದ್ದರೆ, ತಣ್ಣಗಾದ ಮೇಲೆ ಇನ್ನೊಮ್ಮೆ ನೋಡಲು ಬನ್ನಿ. ಬೆಳಗಿನ ಮೊದಲ ಸ್ಟಾರ್ಟ್ ಕಷ್ಟವಾಗುವ ಬೈಕ್, ಬಿಸಿಯಾದ ಮೇಲೆ ಆ ದೋಷವನ್ನು ತೋರಿಸುವುದಿಲ್ಲ.

ಹೇಳಿಕೆ 2: ಟೂರಿಂಗ್‌ಗೆ 350 ಸಿಸಿಗಿಂತ ಕಡಿಮೆ ಇದ್ದರೆ ಆಗದು

ಇದು ನಿಜವಲ್ಲ. ಒಂದು ಸರಳ ಲೆಕ್ಕ ಮಾಡೋಣ. 150 ಕೆ.ಜಿ. ಬೈಕ್, 70 ಕೆ.ಜಿ. ಸವಾರ, 60 ಕೆ.ಜಿ. ಹಿಂಬದಿ ಸವಾರರು, 20 ಕೆ.ಜಿ. ಲಗೇಜ್. ಒಟ್ಟು 300 ಕೆ.ಜಿ. ಪ್ರತಿ 100 ಮೀಟರ್‌ಗೆ 8 ಮೀಟರ್ ಮೇಲೇರುವ ಘಾಟಿಯಲ್ಲಿ ಗಂಟೆಗೆ 50 ಕಿ.ಮೀ. ವೇಗ ಕಾಯ್ದುಕೊಳ್ಳಲು, ಗಾಳಿ ಮತ್ತು ರಸ್ತೆಯ ತಡೆಯನ್ನೂ ಸೇರಿಸಿ, ಬೇಕಾಗುವುದು ಸುಮಾರು 7 ಅಶ್ವಶಕ್ತಿ.

100 ಸಿಸಿ ಬೈಕ್‌ಗಳ ಶಕ್ತಿ ಸಾಮಾನ್ಯವಾಗಿ 8 ಅಶ್ವಶಕ್ತಿಯ ಆಸುಪಾಸು ಇರುತ್ತದೆ. ಅಂದರೆ ಅವು ಏದುಸಿರು ಬಿಡುತ್ತಾ ಏರುತ್ತವೆ, ಲಾರಿ ಹಿಂದಿಕ್ಕಲು ಶಕ್ತಿ ಉಳಿದಿರುವುದಿಲ್ಲ. ಆದರೆ 12ರಿಂದ 14 ಅಶ್ವಶಕ್ತಿಯ 150–160 ಸಿಸಿ ಬೈಕ್‌ಗೆ ಇದು ಅಸಾಧ್ಯದ ಕೆಲಸವೇನಲ್ಲ. ಸಿಸಿ ಹೆಚ್ಚಿದ್ದರೆ ಹೆದ್ದಾರಿಯಲ್ಲಿ ನಿರಾಳ, ನಿಜ. ಆದರೆ ಬ್ರೇಕ್, ಟೈರ್ ಸವೆದ 350 ಸಿಸಿ ಬೈಕ್‌ಗಿಂತ ಎಲ್ಲವೂ ಸರಿ ಇರುವ 160 ಸಿಸಿ ಬೈಕ್ ಮೇಲು. ಮಾಲೀಕರ ಕೈಪಿಡಿಯಲ್ಲಿ ಆ ಮಾದರಿ ಗರಿಷ್ಠ ಎಷ್ಟು ಭಾರ ಹೊರಬಹುದು ಎಂದು ಕೊಟ್ಟಿರುತ್ತಾರೆ. ನಿಮ್ಮಿಬ್ಬರ ತೂಕಕ್ಕೆ ಲಗೇಜ್ ಸೇರಿಸಿ, ಆ ಅಂಕಿಯೊಳಗೆ ಬರುತ್ತದೆಯೇ ನೋಡಿ.

ಏರುವುದಕ್ಕಿಂತ ನಿಲ್ಲಿಸುವುದು ಮುಖ್ಯ

ಅದೇ ಬೈಕ್‌ನಲ್ಲಿ ಒಬ್ಬರೇ ಹೋದರೆ ಒಟ್ಟು ಭಾರ 220 ಕೆ.ಜಿ., ಇಬ್ಬರು ಲಗೇಜ್ ಸಮೇತ ಹೋದರೆ 300 ಕೆ.ಜಿ. ಅದೇ ವೇಗದಿಂದ ನಿಲ್ಲಿಸಲು ಬ್ರೇಕ್ ಅರಗಿಸಿಕೊಳ್ಳಬೇಕಾದ ಶಕ್ತಿ ಶೇ. 36ರಷ್ಟು ಹೆಚ್ಚು. ಒಂಟಿ ಸವಾರಿಯಲ್ಲಿ ‘ಪರವಾಗಿಲ್ಲ’ ಎನಿಸುವ ಬ್ರೇಕ್, ಘಾಟಿ ಇಳಿಯುವಾಗ ಕಾದು ಕೈಕೊಡಬಹುದು.

125 ಸಿಸಿ ಮೀರಿದ ಎಲ್ಲ ಹೊಸ ಬೈಕ್‌ಗಳಿಗೆ 2019ರ ಏಪ್ರಿಲ್ 1ರಿಂದ ಎಬಿಎಸ್ ಕಡ್ಡಾಯವಾಗಿದೆ. ಬ್ರೇಕ್ ಜೋರಾಗಿ ಒತ್ತಿದಾಗ ಚಕ್ರ ಲಾಕ್ ಆಗಿ ಜಾರದಂತೆ ತಡೆಯುವ ವ್ಯವಸ್ಥೆ ಇದು. ಬಜೆಟ್ ಅನುಮತಿಸಿದರೆ ಆ ದಿನಾಂಕದ ನಂತರದ ಬೈಕ್ ಆರಿಸಿಕೊಳ್ಳುವುದು ಒಳಿತು. ಕೀ ತಿರುಗಿಸಿದಾಗ ಎಬಿಎಸ್ ದೀಪ ಹೊತ್ತಬೇಕು, ಬೈಕ್ ಚಲಿಸಿದ ಮೇಲೆ ಆರಬೇಕು. ಆರದಿದ್ದರೆ ದೋಷವಿದೆ. ಹೊತ್ತಲೇ ಇಲ್ಲವಾದರೆ ದೋಷ ಮುಚ್ಚಿಡಲು ದೀಪವನ್ನೇ ತೆಗೆದಿರುವ ಸಾಧ್ಯತೆಯೂ ಇದೆ.

ಹೇಳಿಕೆ 3: ಟೈರ್‌ನಲ್ಲಿ ಗ್ರಿಪ್ ಇದ್ದರೆ ಸಾಕು

ಸಾಲದು. ಟೈರ್‌ನ ಪಕ್ಕದಲ್ಲಿ ನಾಲ್ಕು ಅಂಕಿಗಳ ಒಂದು ಸಂಖ್ಯೆ ಇರುತ್ತದೆ. 2319 ಎಂದಿದ್ದರೆ 2019ನೇ ಇಸವಿಯ 23ನೇ ವಾರದಲ್ಲಿ ತಯಾರಾದದ್ದು ಎಂದರ್ಥ. ಕಡಿಮೆ ಓಡಿದ ಹಳೆಯ ಬೈಕ್‌ನಲ್ಲಿ ಗೆರೆಗಳು ಆಳವಾಗಿಯೇ ಇರುತ್ತವೆ, ಆದರೆ ರಬ್ಬರ್ ಗಟ್ಟಿಯಾಗಿ ಒದ್ದೆ ರಸ್ತೆಯಲ್ಲಿ ಹಿಡಿತ ಕಳೆದುಕೊಂಡಿರುತ್ತದೆ. ಐದಾರು ವರ್ಷ ದಾಟಿದ ಟೈರ್ ಇದ್ದರೆ, ಹೊಸ ಜೋಡಿಯ ಬೆಲೆಯನ್ನು ಚೌಕಾಸಿಯಲ್ಲಿ ಕಳೆಯಿರಿ.

ಹಿಂದೆ ಕೂತವರ ಭಾರ ಬಹುತೇಕ ಹಿಂದಿನ ಚಕ್ರದ ಮೇಲೆಯೇ ಬೀಳುತ್ತದೆ. ಬೈಕ್‌ನ ಹಿಂಭಾಗ ಕುಸಿದು ಹೆಡ್‌ಲೈಟ್ ಮೇಲಕ್ಕೆ ಎತ್ತಿಕೊಳ್ಳುತ್ತದೆ. ನಿಮಗೆ ರಸ್ತೆ ಕಾಣದು, ಎದುರಿನವರ ಕಣ್ಣಿಗೆ ಬೆಳಕು ಕುಕ್ಕುತ್ತದೆ. ಇದಕ್ಕಾಗಿಯೇ ಹಿಂದಿನ ಶಾಕ್ ಅಬ್ಸಾರ್ಬರ್‌ನ ಸ್ಪ್ರಿಂಗ್ ಬಿಗಿ ಮಾಡುವ ವ್ಯವಸ್ಥೆ ಇರುತ್ತದೆ. ಅದು ತುಕ್ಕು ಹಿಡಿಯದೆ ತಿರುಗುತ್ತದೆಯೇ ನೋಡಿ. ಶಾಕ್ ಅಬ್ಸಾರ್ಬರ್ ಮತ್ತು ಮುಂದಿನ ಫೋರ್ಕ್‌ಗಳ ಮೇಲೆ ಎಣ್ಣೆ ಜಿನುಗಿದ್ದರೆ ಸೀಲ್ ಹೋಗಿದೆ ಎಂದೇ ಅರ್ಥ. ಚೈನ್ ಸ್ಪ್ರಾಕೆಟ್‌ನ ಹಲ್ಲುಗಳು ಕೊಕ್ಕೆಯಂತೆ ಬಾಗಿದ್ದರೆ ಇಡೀ ಸೆಟ್ ಬದಲಿಸಬೇಕು.

ಹೇಳಿಕೆ 4: ಸೀಟು ಮೆತ್ತಗಿದ್ದಷ್ಟೂ ಆರಾಮ

ಹತ್ತು ನಿಮಿಷಕ್ಕೆ ಮಾತ್ರ ನಿಜ. ತೀರಾ ಮೆತ್ತನೆಯ ಫೋಮ್ ಒಂದೆರಡು ಗಂಟೆಯಲ್ಲಿ ಅದುಮಿಹೋಗಿ, ಕೂತವರ ಮೂಳೆ ಸೀಟಿನ ತಳಕ್ಕೆ ಒತ್ತುತ್ತದೆ. ದೂರದ ದಾರಿಗೆ ಅಗಲವಾದ, ತುಸು ಗಟ್ಟಿಯಾದ, ಸಮತಟ್ಟಾದ ಸೀಟು ಬೇಕು. ಹಿಂದಿನ ಫುಟ್‌ರೆಸ್ಟ್ ತೀರಾ ಎತ್ತರದಲ್ಲಿದ್ದರೆ ಮೊಣಕಾಲು ಮಡಚಿಯೇ ಇರಬೇಕಾಗುತ್ತದೆ. ನೋಡಲು ಚೆಂದವಿರುವ ಹಲವು ಸ್ಪೋರ್ಟ್ಸ್ ಬೈಕ್‌ಗಳು ಸೋಲುವುದು ಇಲ್ಲೇ.

ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮದ ಪ್ರಕಾರ ಬೈಕ್‌ನಲ್ಲಿ ಹಿಂಬದಿ ಸವಾರರಿಗೆ ಹಿಡಿಕೆ, ಫುಟ್‌ರೆಸ್ಟ್ ಮತ್ತು ಹಿಂದಿನ ಚಕ್ರದ ಅರ್ಧದಷ್ಟಾದರೂ ಮುಚ್ಚುವ ರಕ್ಷಣೆ ಇರಬೇಕು. ನಾವು ‘ಸೀರೆ ಗಾರ್ಡ್’ ಎನ್ನುವುದು ಇದನ್ನೇ. ಹಿಂದಿನ ಮಾಲೀಕರು ಸ್ಟೈಲ್‌ಗಾಗಿ ಇದನ್ನು ಬಿಚ್ಚಿಸಿರುವುದು ಸಾಮಾನ್ಯ. ಸೆರಗು, ದುಪಟ್ಟಾ ಚಕ್ರಕ್ಕೆ ಸಿಲುಕಿ ಪ್ರಾಣವೇ ಹೋದೀತು. ಗಾರ್ಡ್ ಇಲ್ಲದಿದ್ದರೆ ಮೊದಲು ಅದನ್ನು ಹಾಕಿಸಿ, ಲಗೇಜ್ ಬಾಕ್ಸ್ ಆಮೇಲೆ.

ಕೊಳ್ಳುವ ಮುನ್ನ, ಮಾಲೀಕರ ಒಪ್ಪಿಗೆ ಪಡೆದು, ನಿಮ್ಮ ಜೊತೆ ಬರುವವರನ್ನೇ ಹಿಂದೆ ಕೂರಿಸಿಕೊಂಡು ಅರ್ಧ ಗಂಟೆ ಓಡಿಸಿ. ಹಂಪ್ ಮೇಲೆ ಹಿಂಭಾಗ ಬಡಿಯುತ್ತದೆಯೇ, ಬ್ರೇಕ್ ಒತ್ತಿದರೆ ಎಳೆಯುತ್ತದೆಯೇ ಎಂಬುದು ಆಗ ಗೊತ್ತಾಗುತ್ತದೆ. ಇಳಿದ ಮೇಲೆ ಮೊದಲ ಅಭಿಪ್ರಾಯ ಅವರದ್ದಾಗಿರಲಿ.

ಹೇಳಿಕೆ 5: ಸಹಿ ಮಾಡಿದ ಪೇಪರ್ ಸಿಕ್ಕರೆ ಬೈಕ್ ನಮ್ಮದು

ಇದು ಅಪಾಯಕಾರಿ ನಂಬಿಕೆ. ಫಾರ್ಮ್ 29 ಮತ್ತು 30ಕ್ಕೆ ಸಹಿ ಹಾಕಿಸಿಕೊಂಡು ಬೀರುವಿನಲ್ಲಿಟ್ಟರೆ ಮಾಲೀಕತ್ವ ಬದಲಾಗುವುದಿಲ್ಲ. ಆರ್‌ಟಿಒ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಅಪಘಾತ ಪರಿಹಾರದ ಹೊಣೆಯೂ ಅವರದೇ ಎಂದು ಸುಪ್ರೀಂ ಕೋರ್ಟ್ 2018ರ ಫೆಬ್ರವರಿಯಲ್ಲಿ ಹೇಳಿದೆ. ಹಾಗಾಗಿ ಹೆಸರು ಬದಲಾವಣೆ ಮಾರುವವರಿಗೂ ಅಷ್ಟೇ ಮುಖ್ಯ.

ಎಂಪರಿವಾಹನ್ ಆ್ಯಪ್‌ನಲ್ಲಿ ನೋಂದಣಿ ಸಂಖ್ಯೆ ಹಾಕಿ ವಿಮೆ ಮತ್ತು ನೋಂದಣಿಯ ಅವಧಿ ನೋಡಿ. ಆರ್‌ಸಿಯಲ್ಲಿ ಬ್ಯಾಂಕ್ ಅಥವಾ ಫೈನಾನ್ಸ್ ಸಂಸ್ಥೆಯ ಹೆಸರಿದ್ದರೆ ಸಾಲ ತೀರಿದ ಎನ್‌ಒಸಿ ಮತ್ತು ಫಾರ್ಮ್ 35 ಕೇಳಿ. ಚಾಸಿಸ್ ಸಂಖ್ಯೆ ಮತ್ತು ಎಂಜಿನ್ ಸಂಖ್ಯೆಯನ್ನು ಆರ್‌ಸಿ ಜೊತೆ ಕಣ್ಣಾರೆ ತಾಳೆ ನೋಡಿ. ಬೇರೆ ರಾಜ್ಯದ ಬೈಕ್ ಅಗ್ಗವಾಗಿ ಕಂಡರೆ, ಎನ್‌ಒಸಿ, ಮರುನೋಂದಣಿ, ಕರ್ನಾಟಕದ ತೆರಿಗೆ ಇವನ್ನೆಲ್ಲ ಸೇರಿಸಿದ ಮೇಲೂ ಅಗ್ಗವೇ ಎಂದು ಲೆಕ್ಕ ಹಾಕಿ.

ವಿಮೆಯ ವಿಷಯದಲ್ಲಿ ಹಲವರಿಗೆ ತಿಳಿಯದ ಸಂಗತಿ ಒಂದಿದೆ. ಹಳೆಯ ಬೈಕ್‌ಗಳಿಗೆ ಹೆಚ್ಚಿನವರು ಮಾಡಿಸುವುದು ಅಗ್ಗದ ಥರ್ಡ್ ಪಾರ್ಟಿ ಪಾಲಿಸಿ. ಅಂಥ ಪಾಲಿಸಿಯಲ್ಲಿ ಹಿಂಬದಿ ಸವಾರರಿಗೆ ಪರಿಹಾರ ಕೊಡುವ ಹೊಣೆ ವಿಮಾ ಕಂಪನಿಗೆ ಇಲ್ಲ ಎಂದು ಸುಪ್ರೀಂ ಕೋರ್ಟ್ 2006ರಲ್ಲಿ ತೀರ್ಪು ನೀಡಿತ್ತು. ಸಮಗ್ರ ಪಾಲಿಸಿಯಲ್ಲಿ ಹಿಂಬದಿ ಸವಾರರೂ ಸೇರುತ್ತಾರೆ ಎಂದು ವಿಮಾ ನಿಯಂತ್ರಣ ಪ್ರಾಧಿಕಾರ 2009ರಲ್ಲಿ ಸ್ಪಷ್ಟಪಡಿಸಿದೆ. ನಿಮ್ಮ ಹಿಂದೆ ಕೂರುವವರ ಹೆಸರಿನಲ್ಲಿ ಯೋಚಿಸಿ ಪಾಲಿಸಿ ಆರಿಸಿ, ಅದನ್ನು ನಿಮ್ಮ ಹೆಸರಿಗೆ ಬದಲಿಸಿಕೊಳ್ಳಿ.

ತೀರ್ಮಾನ

ಕಿಲೋಮೀಟರ್ ಮತ್ತು ಸಿಸಿ ಮಾತ್ರ ನೋಡಿ ದೂರ ಪ್ರಯಾಣಕ್ಕೆ ಹಳೆಯ ಬೈಕ್ ಕೊಳ್ಳುವುದು ಸರಿಯಲ್ಲ. ಫಾರ್ವರ್ಡ್ ಮಾಡುವುದಿದ್ದರೆ ಈ ಐದು ಸಾಲು ಮಾಡಿ:

• ಎಂಜಿನ್ ತಣ್ಣಗಿರುವಾಗ ಸ್ಟಾರ್ಟ್ ಮಾಡಿಸಿ, ಸರ್ವೀಸ್ ಬಿಲ್ ಕೇಳಿ.
• ಬ್ರೇಕ್, ಎಬಿಎಸ್ ದೀಪ, ಟೈರ್‌ನ ತಯಾರಿಕೆ ವರ್ಷ ನೋಡಿ.
• ಹಿಡಿಕೆ, ಫುಟ್‌ರೆಸ್ಟ್, ಸೀರೆ ಗಾರ್ಡ್ ಇಲ್ಲದ ಬೈಕ್‌ನಲ್ಲಿ ಯಾರನ್ನೂ ಕೂರಿಸಬೇಡಿ.
• ಇಬ್ಬರೂ ಐಎಸ್‌ಐ ಹೆಲ್ಮೆಟ್ ಹಾಕಿ, ಇಬ್ಬರೂ ಕೂತು ಓಡಿಸಿ ನೋಡಿ.
• ಆರ್‌ಸಿ ನಿಮ್ಮ ಹೆಸರಿಗೆ ಬಂದು, ಸಮಗ್ರ ವಿಮೆ ಆದ ಮೇಲೆಯೇ ದೂರದ ಊರಿಗೆ ಹೊರಡಿ.