ಜಮಖಂಡಿಯಲ್ಲಿ ಕಂಡ ಕಿತ್ತಳೆ ಗೆರೆಯೂ ಎಲೆಕ್ಟ್ರಾನಿನ ಸ್ಪಿನ್ನೂ

1868ರ ಆಗಸ್ಟ್ 18ರ ಬೆಳಿಗ್ಗೆ ಚಂದ್ರನ ನೆರಳು ಅರಬ್ಬೀ ಸಮುದ್ರದ ಕಡೆಯಿಂದ ಬಂದು, ಜಮಖಂಡಿ, ವಿಜಯಪುರ ಸೀಮೆಯ ಮೇಲೆ ಹಾಯ್ದು, ಗುಂಟೂರು, ಮಚಲೀಪಟ್ಟಣದತ್ತ ಸಾಗಿತು. ಖಗ್ರಾಸ ಸೂರ್ಯಗ್ರಹಣ. ಜಮಖಂಡಿ ಆಗ ಪಟವರ್ಧನರ ಸಂಸ್ಥಾನ. ಅಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಉಪಕರಣಗಳನ್ನು ಹೂಡಿಕೊಂಡು ಲೆಫ್ಟಿನೆಂಟ್ ಜಾನ್ ಹರ್ಷೆಲ್ ಕಾಯುತ್ತಿದ್ದರು. ಭೂಮಾಪನ ಇಲಾಖೆಯ ಅಧಿಕಾರಿ. ಯುರೇನಸ್ ಗ್ರಹವನ್ನು ಕಂಡುಹಿಡಿದ ವಿಲಿಯಂ ಹರ್ಷೆಲರ ಮೊಮ್ಮಗ. ಮಳೆಗಾಲದ ಮೋಡ ಕಾಡುತ್ತಿತ್ತು. ಮೋಡ ಸರಿದಷ್ಟು ಹೊತ್ತಿನಲ್ಲೇ ಅವರು ಸೂರ್ಯನ ಅಂಚಿನಿಂದ ಎದ್ದ ಜ್ವಾಲೆಯೊಂದಕ್ಕೆ ರೋಹಿತದರ್ಶಕವನ್ನು ಹಿಡಿದರು. ಕಾಮನಬಿಲ್ಲಿನಂಥ ಪಟ್ಟಿ ಕಾಣಲಿಲ್ಲ. ಬಿಡಿ ಬಿಡಿಯಾಗಿ ಹೊಳೆಯುವ ಗೆರೆಗಳು ಕಂಡವು: ಒಂದು ಕೆಂಪು, ಒಂದು ಕಿತ್ತಳೆ, ಒಂದು ನೀಲಿ.

ನಮ್ಮ ರೋಣ ತಾಲ್ಲೂಕಿನ ಅಬ್ಬಿಗೇರಿಯಿಂದ ಜಮಖಂಡಿಗೆ ನಕ್ಷೆಯ ಮೇಲೆ ನೇರ ಗೆರೆ ಎಳೆದರೆ, ಮಲಪ್ರಭೆಯನ್ನೂ ಘಟಪ್ರಭೆಯನ್ನೂ ದಾಟಿ ನೂರು ಕಿಲೋಮೀಟರಿಗೆ ತುಸು ಹೆಚ್ಚಾಗುತ್ತದೆ. ಹೀಲಿಯಂ ಎಂಬ ಧಾತು ಭೂಮಿಯಲ್ಲಿ ಸಿಗುವ ಮೊದಲೇ ಸೂರ್ಯನಲ್ಲಿ ಕಂಡಿತೆಂದು ಪಠ್ಯಪುಸ್ತಕದಲ್ಲಿ ಓದುತ್ತೇವೆ. ಆ ಕಥೆಯ ಮೊದಲ ದಿನ ನಡೆದದ್ದು ನಮ್ಮ ಸೀಮೆಯಲ್ಲೂ ಹೌದು ಎಂಬುದು ನಮ್ಮ ಮಕ್ಕಳಿಗೆ ಗೊತ್ತಿರಬೇಕು ಅನ್ನಿಸುತ್ತದೆ.

ಕೆಂಪು, ನೀಲಿ ಗೆರೆಗಳು ಹೈಡ್ರೋಜನ್ನಿನವು. ಕಿತ್ತಳೆ ಗೆರೆ ಸೋಡಿಯಂನದು, ಅಂದರೆ ಹಳೆಯ ಹೆಸರಿನ ‘ಡಿ’ ಗೆರೆ ಎಂದು ಹರ್ಷೆಲ್ ತೀರ್ಮಾನಿಸಿದರು. ಗ್ರಹಣದ ಕೆಲವೇ ನಿಮಿಷಗಳಲ್ಲಿ, ಆ ಉಪಕರಣದಲ್ಲಿ, ಅದಕ್ಕಿಂತ ಸೂಕ್ಷ್ಮವಾಗಿ ಅಳೆಯುವುದು ಕಷ್ಟವಿತ್ತು. ಅದೇ ವರ್ಷ ಇಂಗ್ಲೆಂಡಿನಲ್ಲಿ ನಾರ್ಮನ್ ಲಾಕ್ಯರ್ ಗ್ರಹಣವಿಲ್ಲದ ದಿನಗಳಲ್ಲಿ ನಿಧಾನವಾಗಿ ಅಳೆದಾಗ ಗೆರೆ ಸೋಡಿಯಂನ ಜಾಗದಲ್ಲಿರಲಿಲ್ಲ, ಸುಮಾರು 1.4 ನ್ಯಾನೊಮೀಟರ್ ಹಸಿರಿನ ಕಡೆಗೆ ಸರಿದಿತ್ತು. ಹೀಲಿಯಂನ ಈ ಗೆರೆಗೆ ‘ಡಿ3’ ಎಂದು ಹೆಸರಾಯಿತು. 3 ಏಕೆಂದರೆ ಸೋಡಿಯಂ ಆಗಲೇ ಡಿ1, ಡಿ2 ಎಂಬ ಎರಡು ಗೆರೆಗಳನ್ನು ಇಟ್ಟುಕೊಂಡಿತ್ತು. ಒಂದೇ ಪರಮಾಣುವಿನಿಂದ, ಅಂಟಿಕೊಂಡಂತೆ ಎರಡು ಗೆರೆ ಏಕೆ? ಉತ್ತರ ಸಿಗಲು 1925ರವರೆಗೆ ಕಾಯಬೇಕಾಯಿತು.

ಸೋಡಿಯಂನಿಂದಲೇ ಶುರು ಮಾಡೋಣ. ಒಲೆಯ ಮೇಲಿನ ಸಾರು ಉಕ್ಕಿ ಬರ್ನರಿನ ಮೇಲೆ ಚೆಲ್ಲಿದಾಗ ನೀಲಿ ಉರಿ ಕ್ಷಣಕಾಲ ಹಳದಿಯಾಗುತ್ತದೆ. ಅದು ಉಪ್ಪಿನಲ್ಲಿರುವ ಸೋಡಿಯಂನ ಬೆಳಕು. ಎಲ್‌ಇಡಿ ಬರುವ ಮುಂಚೆ ಬೀದಿಗಳಲ್ಲಿ ಉರಿಯುತ್ತಿದ್ದ ಹಳದಿ ದೀಪಗಳದ್ದೂ ಸೋಡಿಯಂ ಆವಿಯೇ. ಈ ಪರಮಾಣುವಿನಲ್ಲಿ 11 ಎಲೆಕ್ಟ್ರಾನುಗಳಿವೆ. ಹತ್ತು ಒಳಗಿನ ಭರ್ತಿಯಾದ ಕವಚಗಳಲ್ಲಿ ಕೂತಿವೆ, ಹನ್ನೊಂದನೆಯದು ಹೊರಗೆ ಒಂಟಿ. ಉರಿಯ ಬಿಸಿಗೆ ಅದು ‘3ಎಸ್’ ಎಂಬ ಮಟ್ಟದಿಂದ ‘3ಪಿ’ ಎಂಬ ಮೇಲಿನ ಮಟ್ಟಕ್ಕೆ ಏರುತ್ತದೆ, ಕೂಡಲೇ ಇಳಿಯುತ್ತದೆ. ಇಳಿಯುವಾಗ ಬಿಟ್ಟುಕೊಟ್ಟ ಸುಮಾರು 2.1 ಎಲೆಕ್ಟ್ರಾನ್ ವೋಲ್ಟ್ ಶಕ್ತಿಯೇ ಹಳದಿ ಬೆಳಕು. ಒಂದು ಇಳಿತಕ್ಕೆ ಒಂದು ತರಂಗಾಂತರ, ಒಂದು ಗೆರೆ. ಆದರೆ ಅಳೆದು ನೋಡಿದರೆ ಗೆರೆಗಳು ಎರಡು: 589.0 ಮತ್ತು 589.6 ನ್ಯಾನೊಮೀಟರ್.

ಗೆರೆ ಎರಡಾಗಬೇಕಾದರೆ ಮಟ್ಟವೂ ಎರಡಾಗಿರಬೇಕು. ಮೇಲಿನ 3ಪಿ ಮಟ್ಟವೇ ಸೀಳಿದೆ. ಸೀಳಿನ ಅಗಲ 0.0021 ಎಲೆಕ್ಟ್ರಾನ್ ವೋಲ್ಟ್, ಒಟ್ಟು ಎತ್ತರದಲ್ಲಿ ಸಾವಿರಕ್ಕೆ ಒಂದು ಪಾಲು.

ಸೀಳುವುದು ಕಾಂತಶಕ್ತಿ. ಎಲೆಕ್ಟ್ರಾನ್ ನ್ಯೂಕ್ಲಿಯಸ್ಸಿನ ಸುತ್ತ ಚಲಿಸುತ್ತದೆ. ಎಲೆಕ್ಟ್ರಾನಿನ ಮೇಲೆ ಕೂತು ನೋಡಿದರೆ ಧನ ವಿದ್ಯುದಂಶದ ನ್ಯೂಕ್ಲಿಯಸ್ಸೇ ತನ್ನ ಸುತ್ತ ತಿರುಗಿದಂತೆ ಕಾಣುತ್ತದೆ. ವಿದ್ಯುದಂಶ ಸುತ್ತು ಹೊಡೆದರೆ ಅದು ವಿದ್ಯುತ್ ಪ್ರವಾಹ. ಪ್ರವಾಹ ಇದ್ದಲ್ಲಿ ಕಾಂತಕ್ಷೇತ್ರ. ಹೀಗೆ ಹೊರಗಿನಿಂದ ಯಾವ ಅಯಸ್ಕಾಂತವನ್ನೂ ತರದೆ, ಪರಮಾಣುವಿನೊಳಗೇ ಎಲೆಕ್ಟ್ರಾನ್ ಒಂದು ಕಾಂತಕ್ಷೇತ್ರದಲ್ಲಿ ಸಿಕ್ಕಿಕೊಂಡಿರುತ್ತದೆ. ಎಲೆಕ್ಟ್ರಾನ್ ತಾನೂ ಒಂದು ಚಿಕ್ಕ ಅಯಸ್ಕಾಂತ. ಅದಕ್ಕೆ ‘ಸ್ಪಿನ್’ ಎಂಬ ಹುಟ್ಟುಗುಣವಿದೆ, ಆ ಸ್ಪಿನ್ನಿನಿಂದ ಕಾಂತಗುಣ ಬರುತ್ತದೆ. ಈ ಚಿಕ್ಕ ಅಯಸ್ಕಾಂತಕ್ಕೆ ನಿಲ್ಲಲು ಎರಡೇ ಬಗೆ: ಸ್ಪಿನ್ ಕಕ್ಷೆಯ ತಿರುಗುವಿಕೆಯ ದಿಕ್ಕಿಗೇ ಹೊಂದಿಕೊಂಡಿರಬಹುದು, ಇಲ್ಲವೆ ಎದುರಾಗಿರಬಹುದು. ಹೊಂದಿಕೊಂಡಾಗ ಶಕ್ತಿ ತುಸು ಹೆಚ್ಚು, ಎದುರಾದಾಗ ತುಸು ಕಡಿಮೆ. ಒಂದೇ ಆಗಿದ್ದ ಮಟ್ಟ ಎರಡಾಯಿತು. ಮೇಲಿನದರಿಂದ ಇಳಿದರೆ 589.0, ಕೆಳಗಿನದರಿಂದ ಇಳಿದರೆ 589.6.

ಹಾಗಾದರೆ ಕೆಳಗಿನ 3ಎಸ್ ಮಟ್ಟ ಏಕೆ ಸೀಳಲಿಲ್ಲ? ಎಸ್ ಮಟ್ಟದಲ್ಲಿ ಎಲೆಕ್ಟ್ರಾನಿನ ಕಕ್ಷೀಯ ಕೋನೀಯ ಸಂವೇಗ ಸೊನ್ನೆ. ಸುತ್ತುವಿಕೆ ಇಲ್ಲದ ಮೇಲೆ ಆ ಒಳಗಿನ ಕಾಂತಕ್ಷೇತ್ರವೂ ಇಲ್ಲ. ಸ್ಪಿನ್ ಎತ್ತ ನಿಂತರೂ ಶಕ್ತಿ ಒಂದೇ. ಇದನ್ನು ಹಿಡಿದುಕೊಂಡರೆ ಉಳಿದದ್ದು ಸಲೀಸು.

ಆ ಕಾಂತಕ್ಷೇತ್ರ ಎಷ್ಟು ಬಲವಾದದ್ದು? 0.0021 ಎಲೆಕ್ಟ್ರಾನ್ ವೋಲ್ಟ್ ಸೀಳಿನಿಂದ ಹಿಂದಕ್ಕೆ ಲೆಕ್ಕ ಹಾಕಿದರೆ ಸುಮಾರು 18 ಟೆಸ್ಲಾ ಬರುತ್ತದೆ. ಆಸ್ಪತ್ರೆಗಳ ಎಂಆರ್‌ಐ ಯಂತ್ರದ್ದು ಸಾಮಾನ್ಯವಾಗಿ 1.5 ಟೆಸ್ಲಾ. ಒಂದು ಚಿಟಿಕೆ ಉಪ್ಪಿನ ಆವಿಯಲ್ಲಿ, 3ಪಿ ಮಟ್ಟಕ್ಕೇರಿದ ಪ್ರತಿ ಸೋಡಿಯಂ ಪರಮಾಣುವಿನೊಳಗೆ, ಆ ಯಂತ್ರದ ಹತ್ತು ಪಟ್ಟಿಗೂ ಮಿಕ್ಕ ಕಾಂತಬಲವಿದೆ. ನನಗೆ ಇಡೀ ವಿಷಯದಲ್ಲಿ ಅತಿ ಬೆರಗು ಹುಟ್ಟಿಸುವ ಸಂಖ್ಯೆ ಇದೇ.

ಸ್ಪಿನ್ ಕಲ್ಪನೆಯನ್ನು 1925ರಲ್ಲಿ ಮುಂದಿಟ್ಟವರು ಹಾಲೆಂಡಿನ ಲೈಡನ್ನಿನ ಇಬ್ಬರು ತರುಣರು, ಊಲೆನ್‌ಬೆಕ್ ಮತ್ತು ಗೌಡ್ಸ್ಮಿಟ್. ಎಲೆಕ್ಟ್ರಾನ್ ಬುಗುರಿಯಂತೆ ತನ್ನ ಸುತ್ತ ತಾನು ತಿರುಗುತ್ತದೆ ಎಂದು ಅವರು ಊಹಿಸಿದರು. ಹಿರಿಯರಾದ ಲೊರೆಂಟ್ಸ್ ಲೆಕ್ಕ ಹಾಕಿ, ಹಾಗೆ ತಿರುಗಿದರೆ ಎಲೆಕ್ಟ್ರಾನಿನ ಮೈಯ ವೇಗ ಬೆಳಕಿನ ವೇಗವನ್ನೂ ಮೀರುತ್ತದೆಂದು ತೋರಿಸಿದರು. ತರುಣರು ಹಿಂಜರಿದರು, ಅಷ್ಟರಲ್ಲಿ ಗುರು ಎರೆನ್‌ಫೆಸ್ಟ್ ಲೇಖನವನ್ನು ಪ್ರಕಟಣೆಗೆ ಕಳಿಸಿಬಿಟ್ಟಿದ್ದರು. ಲೊರೆಂಟ್ಸ್ ಹೇಳಿದ್ದು ಸರಿ, ಬುಗುರಿಯ ಚಿತ್ರ ನಿಲ್ಲುವುದಿಲ್ಲ. ತರುಣರು ಹೇಳಿದ್ದೂ ಸರಿ, ಸ್ಪಿನ್ ನಿಜ. ತಿರುಗುವ ಮೈ ಇಲ್ಲದೆಯೇ ಇರುವ ಕೋನೀಯ ಸಂವೇಗ ಅದು. ಮೊದಲ ಲೆಕ್ಕದಲ್ಲಿ ಸೀಳು ಇರಬೇಕಾದದ್ದಕ್ಕಿಂತ ಎರಡು ಪಟ್ಟು ಬರುತ್ತಿತ್ತು. 1926ರಲ್ಲಿ ಲೆವೆಲಿನ್ ಥಾಮಸ್ ಸಾಪೇಕ್ಷತೆಯ ಒಂದು ಪರಿಣಾಮವನ್ನು ಸೇರಿಸಿ ಅದನ್ನು ಅರ್ಧಕ್ಕಿಳಿಸಿದರು. 1928ರ ಡಿರಾಕ್ ಸಮೀಕರಣದಲ್ಲಿ ಸ್ಪಿನ್ ಯಾರೂ ಸೇರಿಸದೆ ತಾನಾಗಿಯೇ ಹೊರಬಂತು.

ಈ ಎರಡು ಗೆರೆಗಳನ್ನು ಕಣ್ಣಾರೆ ನೋಡಬಹುದು. ಅಬ್ಬಿಗೇರಿಯಿಂದ ರೋಣಕ್ಕೋ ಗದಗಿಗೋ ಹೋಗಿ ಬಿ.ಎಸ್‌ಸಿ. ಓದುವವರಿಗೆ ಪ್ರಯೋಗಾಲಯದಲ್ಲಿ ಸೋಡಿಯಂ ದೀಪ, ಸ್ಪೆಕ್ಟ್ರೋಮೀಟರ್, ಇಂಚಿಗೆ 15,000 ಗೀರುಗಳ ಗ್ರೇಟಿಂಗ್ ಪರಿಚಿತ ಸಾಮಾನುಗಳು. ಹೆಚ್ಚಿನವರು ಮೊದಲ ಕ್ರಮಾಂಕದ ಹಳದಿ ಗೆರೆಗೆ ಕೋನ ಬರೆದುಕೊಂಡು ಎದ್ದುಬಿಡುತ್ತಾರೆ. ದೂರದರ್ಶಕವನ್ನು ಇನ್ನಷ್ಟು ತಿರುಗಿಸಿ, ಸುಮಾರು 44 ಡಿಗ್ರಿಯಲ್ಲಿರುವ ಎರಡನೆಯ ಕ್ರಮಾಂಕಕ್ಕೆ ಹೋಗಬೇಕು. ಮೊದಲ ಕ್ರಮಾಂಕದಲ್ಲಿ ಗೆರೆಗಳ ನಡುವಿನ ಅಂತರ ಕೇವಲ 1.3 ಮಿನಿಟು (ಡಿಗ್ರಿಯ ಅರವತ್ತನೇ ಭಾಗವೇ ಮಿನಿಟು), ಎರಡನೆಯದರಲ್ಲಿ 3.4 ಮಿನಿಟು. ಸ್ಲಿಟ್ಟನ್ನು ಬೆಳಕು ಇನ್ನೇನು ಹೋಗಿಯೇಬಿಡುತ್ತದೆ ಅನ್ನುವಷ್ಟು ಕಿರಿದು ಮಾಡಿ, ಫೋಕಸ್ಸಿನ ತಿರುಪನ್ನು ಮೆಲ್ಲಗೆ ತಿರುವಿದರೆ ದಪ್ಪ ಹಳದಿ ಪಟ್ಟಿ ನಡುವೆ ಕಪ್ಪು ಬಿರುಕು ಬಿಟ್ಟು ಎರಡು ಗೆರೆಗಳಾಗಿ ನಿಲ್ಲುತ್ತದೆ. ನೋಡುತ್ತಿರುವ ಆ ಕಪ್ಪು ಸಂದು ಎಲೆಕ್ಟ್ರಾನಿನ ಸ್ಪಿನ್ನಿನದೇ ಅಳತೆ. 589.0ರ ಗೆರೆ ಹೆಚ್ಚು ಪ್ರಕಾಶಮಾನ. ಮೇಲಿನ ಉಪಮಟ್ಟದಲ್ಲಿ ಎಲೆಕ್ಟ್ರಾನಿಗೆ ನಾಲ್ಕು ಸ್ಥಿತಿಗಳಿವೆ, ಕೆಳಗಿನದರಲ್ಲಿ ಎರಡೇ. ಹಾಗಾಗಿ ಆವಿ ತೆಳುವಾಗಿದ್ದಾಗ ಒಂದರ ಬೆಳಕು ಇನ್ನೊಂದರ ಎರಡರಷ್ಟು. ಮನೆಯಲ್ಲಿ ಹಳೆಯ ಸಿ.ಡಿ.ಯಿಂದ ಉಪ್ಪಿನ ಉರಿಯನ್ನು ನೋಡಿದರೆ ಹಳದಿ ಗೆರೆ ಕಾಣುತ್ತದೆ, ಆದರೆ ಒಂದಾಗಿಯೇ.

ಪರಮಾಣು ಭಾರವಾದಂತೆ ಸೀಳು ಹಿಗ್ಗುತ್ತದೆ. ಸೋಡಿಯಂನ ಬಂಧುಗಳನ್ನೇ ಸಾಲಾಗಿ ನೋಡಿ: ಲಿಥಿಯಂನ ಕೆಂಪು ಜೋಡಿಗೆರೆಗಳ ಅಂತರ 0.015 ನ್ಯಾನೊಮೀಟರ್, ಸೋಡಿಯಂನದು 0.6, ಪೊಟ್ಯಾಸಿಯಂನದು 3.4, ರುಬಿಡಿಯಂನದು ಸುಮಾರು 15, ಸೀಸಿಯಂನದು 42. ನ್ಯೂಕ್ಲಿಯಸ್ಸಿನ ವಿದ್ಯುದಂಶ ಹೆಚ್ಚಿದಂತೆ ಎಲೆಕ್ಟ್ರಾನ್ ಅದರ ಹತ್ತಿರ ಹಾಯುವಾಗ ಕಾಣುವ ಕಾಂತಕ್ಷೇತ್ರವೂ ಬಲಿಯುತ್ತದೆ.

ಇನ್ನು ಜಮಖಂಡಿಯ ಗೆರೆಗೆ ಬರೋಣ. 1895ರ ಮಾರ್ಚಿನಲ್ಲಿ ಲಂಡನ್ನಿನ ವಿಲಿಯಂ ರ‍್ಯಾಮ್ಸೆ ಕ್ಲೀವೈಟ್ ಎಂಬ ಯುರೇನಿಯಂ ಖನಿಜದಿಂದ ಒಂದು ಅನಿಲವನ್ನು ಹೊರತೆಗೆದರು. ಅದರ ಹಳದಿ ಗೆರೆ ಡಿ3 ಇದ್ದಲ್ಲೇ ಇತ್ತು. ಜರ್ಮನಿಯ ಕಾರ್ಲ್ ರುಂಗೆ ಅದನ್ನು ಇನ್ನೂ ಸೂಕ್ಷ್ಮವಾಗಿ ಪರೀಕ್ಷಿಸಿ, ಈ ಗೆರೆ ಒಂಟಿಯಲ್ಲ, 0.03 ನ್ಯಾನೊಮೀಟರಿನಷ್ಟು ಆಚೆ ಒಂದು ಮಸುಕಾದ ಜೊತೆಗೆರೆ ಇದೆ ಎಂದರು. ಹಾಗೆಂದ ಮೇಲೆ ಸೂರ್ಯನ ಡಿ3ಗೂ ಅಂಥ ಜೊತೆಗೆರೆ ಇರಲೇಬೇಕು. ಇಲ್ಲದಿದ್ದರೆ ಎರಡೂ ಬೇರೆ ವಸ್ತುಗಳು. ಅಮೆರಿಕದಲ್ಲಿ ಜಾರ್ಜ್ ಹೇಲ್, ಇಂಗ್ಲೆಂಡಿನಲ್ಲಿ ವಿಲಿಯಂ ಹಗ್ಗಿನ್ಸ್ ಸೌರಜ್ವಾಲೆಗಳನ್ನು ಮತ್ತೆ ನೋಡಿದರು. ಜೊತೆಗೆರೆ ಅಲ್ಲಿತ್ತು. ಸ್ಪಿನ್ ಎಂಬ ಕಲ್ಪನೆ ಹುಟ್ಟಲು ಇನ್ನೂ ಮೂವತ್ತು ವರ್ಷವಿದ್ದಾಗ, ಸ್ಪಿನ್ ಮಾಡಿದ ಸೀಳೇ ಹೀಲಿಯಂನ ಗುರುತನ್ನು ಖಚಿತಪಡಿಸಿತು.

ಹೀಲಿಯಂನಲ್ಲಿ ಎರಡು ಎಲೆಕ್ಟ್ರಾನುಗಳಿರುವುದರಿಂದ ಆಟ ತುಸು ಬೇರೆ. ಎರಡರ ಸ್ಪಿನ್ನೂ ಒಂದೇ ಕಡೆಗಿದ್ದರೆ ಕೂಡಿ ಬಲವಾಗುತ್ತವೆ. ಆಗ ಡಿ3ರ ಕೆಳಗಿನ ಮಟ್ಟ ಮೂರಾಗಿ ಒಡೆಯುತ್ತದೆ. ಮೂರರಲ್ಲಿ ಎರಡು ಒತ್ತೊತ್ತಾಗಿ ಕೂತು ಒಂದೇ ಪ್ರಖರ ಗೆರೆಯಾಗಿ ಕಾಣುತ್ತವೆ. ಮೂರನೆಯದು ದೂರ ಸರಿದು ಆ ಮಸುಕು ಜೊತೆಗೆರೆಯನ್ನು ಕೊಡುತ್ತದೆ. ಸ್ಪಿನ್ನುಗಳು ಎದುರುಬದುರಾಗಿದ್ದರೆ ಒಂದನ್ನೊಂದು ರದ್ದುಮಾಡುತ್ತವೆ, ಸೀಳು ಇಲ್ಲ: 667.8 ನ್ಯಾನೊಮೀಟರಿನ ಕೆಂಪು ಗೆರೆ ಒಂಟಿಯಾಗಿಯೇ ಉಳಿಯುತ್ತದೆ. ಒಂದು ಗುಂಪಿನ ಗೆರೆಗಳು ಸೀಳಿವೆ, ಇನ್ನೊಂದು ಗುಂಪಿನವು ಸೀಳಿಲ್ಲ ಎಂಬುದನ್ನು ಕಂಡ ರುಂಗೆ ಮತ್ತು ಪಾಶನ್ ಇದು ಎರಡು ಅನಿಲಗಳ ಮಿಶ್ರಣವಿರಬೇಕೆಂದು ಭಾವಿಸಿದ್ದರು. ಅನಿಲ ಒಂದೇ, ಸ್ಪಿನ್ನಿನ ಜೋಡಣೆ ಎರಡು ಎಂಬುದನ್ನು 1926ರಲ್ಲಿ ಹೈಸನ್‌ಬರ್ಗ್ ವಿವರಿಸಿದರು.

ಸೂರ್ಯನ ಹೊರ ವಲಯವಾದ ಕರೋನಾದಲ್ಲಿ ಇದೇ ಸೀಳು ಊಹಿಸಲಾರದಷ್ಟು ದೊಡ್ಡದಾಗುತ್ತದೆ. ಜಮಖಂಡಿಯ ಗ್ರಹಣದ ಮರುವರ್ಷ, 1869ರ ಆಗಸ್ಟ್ 7ರ ಗ್ರಹಣದಲ್ಲಿ ಅಮೆರಿಕದ ಯಂಗ್ ಮತ್ತು ಹಾರ್ಕ್‌ನೆಸ್ ಕರೋನಾದಲ್ಲಿ 530.3 ನ್ಯಾನೊಮೀಟರಿನ ಹಸಿರು ಗೆರೆಯನ್ನು ಕಂಡರು. ಅದನ್ನೂ ಹೊಸ ಧಾತುವಿನದೆಂದು ಬಹುಕಾಲ ನಂಬಲಾಗಿತ್ತು. 1940ರ ಸುಮಾರಿಗೆ ಗ್ರೋಟ್ರಿಯಾನ್ ಮತ್ತು ಎಡ್ಲೆನ್ ಅದು ಕಬ್ಬಿಣದ್ದೆಂದು ತೋರಿಸಿದರು: ಹತ್ತಾರು ಲಕ್ಷ ಡಿಗ್ರಿ ಬಿಸಿಗೆ 13 ಎಲೆಕ್ಟ್ರಾನುಗಳನ್ನು ಕಳೆದುಕೊಂಡ ಕಬ್ಬಿಣ. ಉಳಿದ ಎಲೆಕ್ಟ್ರಾನುಗಳು ನ್ಯೂಕ್ಲಿಯಸ್ಸಿನ ಬಲವಾದ ಸೆಳೆತಕ್ಕೆ ಸಿಕ್ಕು ಸೀಳು 2.3 ಎಲೆಕ್ಟ್ರಾನ್ ವೋಲ್ಟಿಗೆ ಬೆಳೆದಿದೆ, ಸೋಡಿಯಂನ ಸಾವಿರ ಪಟ್ಟಿಗೂ ಹೆಚ್ಚು. ಇಲ್ಲಿ ಸ್ಪಿನ್ ಒಂದು ಗೆರೆಯನ್ನು ಎರಡು ಮಾಡುತ್ತಿಲ್ಲ. ಸೀಳಿದ ಎರಡು ಉಪಮಟ್ಟಗಳ ನಡುವಿನ ಇಳಿತವೇ ಕಣ್ಣಿಗೆ ಕಾಣುವ ಹಸಿರು ಬೆಳಕಾಗಿ ಹೊರಬರುತ್ತಿದೆ.

ಈ ಬೆಳಕನ್ನು ಈಗ ಕನ್ನಡ ನೆಲದಲ್ಲಿ ಸಿದ್ಧವಾದ ಉಪಕರಣ ನೋಡುತ್ತಿದೆ. 2023ರ ಸೆಪ್ಟೆಂಬರ್ 2ರಂದು ಇಸ್ರೊ ಹಾರಿಸಿದ ಆದಿತ್ಯ-ಎಲ್1 ನೌಕೆಯ ಕರೋನಾದರ್ಶಕವನ್ನು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ತನ್ನ ಹೊಸಕೋಟೆಯ ಕೇಂದ್ರದಲ್ಲಿ ಜೋಡಿಸಿತು. ಸೂರ್ಯನ ಬಿಂಬವನ್ನು ಒಳಗೇ ಮರೆಮಾಡಿ, ಗ್ರಹಣಕ್ಕೆ ಕಾಯದೆ ಅದು ಕರೋನಾದ ರೋಹಿತವನ್ನು ತೆಗೆಯುತ್ತದೆ. ಅದಕ್ಕೆ ಆರಿಸಿದ ಗೆರೆಗಳು ಮೂರು: 530.3, 789.2 ಮತ್ತು 1074.7 ನ್ಯಾನೊಮೀಟರ್. ಮೂರು ಗೆರೆಗಳೂ ಹಲವು ಎಲೆಕ್ಟ್ರಾನುಗಳನ್ನು ಕಳೆದುಕೊಂಡ ಕಬ್ಬಿಣದವೇ, ಮೂರೂ ಸ್ಪಿನ್ ಸೀಳಿದ ಉಪಮಟ್ಟಗಳ ನಡುವಿನ ಇಳಿತಗಳೇ. ಮೂರನೆಯದು ಕಣ್ಣಿಗೆ ಕಾಣದ ಅವಕೆಂಪು. ಕರೋನಾದ ಕಾಂತಕ್ಷೇತ್ರವನ್ನು ಅಳೆಯಲು ಆರಿಸಿಕೊಂಡಿರುವುದು ಅದನ್ನೇ. ಹೊರಗಿನ ಕಾಂತಕ್ಷೇತ್ರ ಒಂದು ಗೆರೆಯನ್ನು ಮತ್ತೆ ಸೀಳುತ್ತದೆ; ಅದರಿಂದ ಗೆರೆ ಅಗಲವಾಗುವುದನ್ನು 1896ರಲ್ಲಿ ಪೀಟರ್ ಝೀಮನ್ ಉಪ್ಪಿನ ಉರಿಯಲ್ಲೇ ಕಂಡಿದ್ದರು. ತರಂಗಾಂತರ ಎರಡು ಪಟ್ಟಾದರೆ ಆ ಸೀಳು ನಾಲ್ಕು ಪಟ್ಟಾಗುತ್ತದೆ. ಕರೋನಾದ ಕ್ಷೇತ್ರ ತೀರ ದುರ್ಬಲವಾದ್ದರಿಂದ, ಸೀಳು ಹಿಗ್ಗಿ ಸಿಗುವ ಉದ್ದನೆಯ ಅಲೆಯೇ ಬೇಕು.